ಮಗಳು ದೊಡ್ಡವಳಾಗುವ ಮುನ್ನ ಮೈ ಕೊಡುವ ಸೂಚನೆಗಳು: ತಾಯಂದಿರ ಅನುಭವ ಹಂಚಿಕೆ

ಮಂಡ್ಯದ ತಾಯಿಯೊಬ್ಬರ ಪ್ರಶ್ನೆ:

ಮಗಳಿಗೆ 11 ತುಂಬಿದೆ, ಆರನೇ ತರಗತಿ. ಯುಗಾದಿಗೆ ಹೊಲಿಸಿದ ಲಂಗ ದಸರಾ ಹೊತ್ತಿಗೆ ಕಣಕಾಲಿನಿಂದ ಮೇಲೆ ಹೋಗಿದೆ. ಹಣೆಯ ಮೇಲೆ ಮೊಡವೆ ಬೇರೆ. "ಮುಖ ತುಂಬಿಕೊಂಡಿದೆ, ಇನ್ನೇನು ಆಗಿಬಿಡುತ್ತಾಳೆ" ಎನ್ನುತ್ತಾರೆ ಅತ್ತೆ. ನಿಜವಾಗಿಯೂ ಹತ್ತಿರ ಬಂದಿದೆ ಎಂದು ತಿಳಿಯುವುದು ಹೇಗೆ? ಮೊದಲೇ ಹೇಳಿದರೆ ಮಗು ಹೆದರುವುದಿಲ್ಲವೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಮೈಸೂರಿನ ಕುವೆಂಪುನಗರದಿಂದ, ಇಬ್ಬರು ಹೆಣ್ಣುಮಕ್ಕಳ ತಾಯಿ:

ಮುಖ ನೋಡಿ ಲೆಕ್ಕ ಹಾಕಬೇಡಿ. ಮೊಡವೆ ಬಂದು ಎರಡು ವರ್ಷವಾದರೂ ಮುಟ್ಟಾಗದ ಹುಡುಗಿಯರಿದ್ದಾರೆ. ಲೆಕ್ಕ ಶುರುವಾಗುವುದು ಎದೆಯಿಂದ. ಮೊಲೆತೊಟ್ಟಿನ ಕೆಳಗೆ ಸಣ್ಣ ನಾಣ್ಯದಷ್ಟು ಅಗಲದ ಗಂಟು ಕೈಗೆ ಸಿಗುತ್ತದೆ, ಅಂಗಿ ತಾಗಿದರೂ ನೋಯುತ್ತದೆ. ಎಷ್ಟೋ ಮಕ್ಕಳಿಗೆ ಮೊದಲು ಒಂದೇ ಕಡೆ ಬರುತ್ತದೆ. ನನ್ನ ಹಿರಿಯವಳಿಗೆ ಎಡಗಡೆ ಮಾತ್ರ ಕಾಣಿಸಿದಾಗ ಮನೆಯಲ್ಲಿ ದೊಡ್ಡ ಗಾಬರಿಯೇ ಆಯಿತು. ವೈದ್ಯೆ ಪರೀಕ್ಷಿಸಿ, "ಇನ್ನೊಂದು ಕಡೆಯೂ ಕೆಲವು ತಿಂಗಳಲ್ಲಿ ಬರುತ್ತದೆ, ಹಿಸುಕಿ ನೋಡುತ್ತಾ ಕೂರಬೇಡಿ" ಎಂದರು. ಹಾಗೆಯೇ ಆಯಿತು. ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಯಾವಾಗ ಬೇಕಾದರೂ ಇದು ಕಾಣಿಸಬಹುದು. ಅಲ್ಲಿಂದ ಮೊದಲ ಮುಟ್ಟಿಗೆ ಹೆಚ್ಚಿನವರಿಗೆ ಎರಡರಿಂದ ಎರಡೂವರೆ ವರ್ಷ ಹಿಡಿಯುತ್ತದೆ, ಕೆಲವರಿಗೆ ಮೂರು. ನಿಮ್ಮ ಮಗಳಿಗೆ ಆ ಗಂಟು ಬಂದದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಲಂಗ ಗಿಡ್ಡವಾದ ಮಾತನ್ನು ಮಾತ್ರ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಹೆಣ್ಣುಮಕ್ಕಳು ಅತಿ ವೇಗವಾಗಿ ಎತ್ತರವಾಗುವುದು ಮೊದಲ ಮುಟ್ಟಿಗೆ ಮುಂಚೆಯೇ. ಮುಟ್ಟಾದ ಮೇಲೆ ಆ ವೇಗ ಇಳಿಯುತ್ತದೆ, ಹೆಚ್ಚಿನವರು ಮತ್ತೆ ಬೆಳೆಯುವುದು 5ರಿಂದ 7 ಸೆಂಟಿಮೀಟರ್ ಅಷ್ಟೇ. ಕಂಕುಳಲ್ಲಿ, ಕೆಳಗೆ ಕೂದಲು ಬರುವುದು, ಬೆವರಿನ ವಾಸನೆ ಬದಲಾಗುವುದು, ಸೊಂಟ ಅಗಲವಾಗುವುದು ಇವೆಲ್ಲ ಇದೇ ಅವಧಿಯಲ್ಲಿ ಹಿಂದೆ ಮುಂದೆ ನಡೆಯುತ್ತವೆ.

ಹತ್ತಿರ ಬಂದಿದೆ ಎಂದು ಹೇಳುವ ಸೂಚನೆ ನನ್ನ ಕಣ್ಣಿಗೆ ಬಿದ್ದದ್ದು ಬಟ್ಟೆ ಒಗೆಯುವಾಗ. ಒಳಉಡುಪಿನ ನಡುವೆ ಅಂಗೈಗಿಂತ ಕಿರಿದಾದ ತಿಳಿಹಳದಿ ಕಲೆ, ಒಣಗಿದ ಗಂಜಿಯ ಹಾಗೆ ಗರಿಗರಿ. ಅದು ಬಿಳಿಸೆರಗು. ಮೊದಲ ಮುಟ್ಟಿಗೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಮುಂಚೆ ಶುರುವಾಗುತ್ತದೆ. ನಮ್ಮ ಕಡೆ ಇದನ್ನು ಕಂಡ ಕೂಡಲೇ "ಉಷ್ಣ" ಎಂದು ಮಗುವಿನ ಊಟದಲ್ಲಿ ಮೊಟ್ಟೆ, ಎಳ್ಳು ಬಿಡಿಸುತ್ತಾರೆ. ಬೆಳೆಯುವ ಮಗುವಿಗೆ ಮಾಡುವ ಅನ್ಯಾಯ ಅದು. ಈಸ್ಟ್ರೋಜೆನ್ ಎಂಬ ಹಾರ್ಮೋನು ಹೆಚ್ಚಿದ್ದರಿಂದ ಆಗುವ ಸಹಜ ಸ್ರಾವಕ್ಕೆ ಪಥ್ಯ ಬೇಕಿಲ್ಲ. ತುರಿಕೆ, ಕೆಟ್ಟ ವಾಸನೆ, ಹಸಿರು ಬಣ್ಣ ಇದ್ದರೆ ಮಾತ್ರ ವೈದ್ಯರಿಗೆ ತೋರಿಸಿ.

ನೀವು ಯಾವ ವಯಸ್ಸಿನಲ್ಲಿ ಆದಿರಿ ಎಂಬುದೂ ಒಂದು ಸುಳಿವು, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ನನ್ನ ಇಬ್ಬರು ಮಕ್ಕಳ ನಡುವೆಯೇ ಒಂದು ವರ್ಷಕ್ಕೂ ಹೆಚ್ಚಿನ ಅಂತರವಿತ್ತು.

ಶ್ರೀರಂಗಪಟ್ಟಣದಿಂದ, ಅಕ್ಕನ ಮಗಳನ್ನು ಸಾಕುತ್ತಿರುವವರು:

ಹೊಟ್ಟೆನೋವು, ಸಿಡುಕು, ಕಾರಣವಿಲ್ಲದ ಅಳು ಇವನ್ನೂ ಸೂಚನೆ ಎನ್ನುತ್ತಾರೆ. ನಮ್ಮ ಹುಡುಗಿಗೆ ಹೊಟ್ಟೆನೋವು ಬಂದಾಗಲೆಲ್ಲ ಕಾದಿದ್ದೇ ಬಂತು, ಕೊನೆಗೆ ಮುಟ್ಟಾದ ದಿನ ನೋವೇ ಇರಲಿಲ್ಲ. ಬಿಳಿಸೆರಗಿನ ಮಾತು ನಮ್ಮಲ್ಲೂ ನಿಜವಾಯಿತು.

ಮದ್ದೂರು ತಾಲ್ಲೂಕಿನಿಂದ, ಸರ್ಕಾರಿ ಶಾಲೆಯ ಶಿಕ್ಷಕಿ:

ಹೇಳಿದರೆ ಹೆದರುತ್ತಾಳೆಯೇ ಎಂದು ಕೇಳಿದ್ದೀರಿ. ನಾನು ಕಂಡಿರುವುದು ತದ್ವಿರುದ್ಧ. ಹೆದರುವವರು ಏನೂ ಗೊತ್ತಿಲ್ಲದ ಮಕ್ಕಳು. ಒಬ್ಬ ಹುಡುಗಿ ಗಾಯವಾಗಿದೆ ಎಂದುಕೊಂಡು ಮಧ್ಯಾಹ್ನದ ಬಿಸಿಯೂಟವನ್ನೂ ಬಿಟ್ಟು ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದಳು. ಹೊರಗಿನಿಂದ ಮಾತಾಡಿಸಿ, ಏನೂ ಆಗಿಲ್ಲ ಎಂದು ನಂಬಿಸಿ ಕರೆತರಬೇಕಾಯಿತು. ಮನೆಯಲ್ಲಿ ಯಾರಾದರೂ ಒಂದು ಮಾತು ಹೇಳಿದ್ದರೆ ಆ ಮಗು ಅಷ್ಟು ಸಂಕಟಪಡಬೇಕಿರಲಿಲ್ಲ.

ಇನ್ನೆಷ್ಟು ದಿನ ಎಂದು ಎಣಿಸುವುದಕ್ಕಿಂತ ಈ ವಾರವೇ ಮಾತಾಡಿ. ಒಂದೇ ದಿನ ಎಲ್ಲವನ್ನೂ ಹೇಳಬೇಕಾಗಿಲ್ಲ. ಮೊದಲ ಸಲ ಕೆಂಪು ರಕ್ತವೇ ಕಾಣಬೇಕೆಂದಿಲ್ಲ, ಕಂದು ಬಣ್ಣದ ಕಲೆಯೂ ಇರಬಹುದು ಎಂದು ತಿಳಿಸಿ. ಒಂದು ಸಲದ ಮುಟ್ಟಿನಲ್ಲಿ ಹೋಗುವ ರಕ್ತ ಒಟ್ಟು ಸುಮಾರು ಎರಡು ಮೂರು ದೊಡ್ಡ ಚಮಚದಷ್ಟು ಎಂದಾಗ ನನ್ನ ತರಗತಿಯ ಮಕ್ಕಳ ಮುಖ ಅರಳಿದ್ದನ್ನು ನೋಡಬೇಕಿತ್ತು! ಮೈಯಲ್ಲಿನ ರಕ್ತವೆಲ್ಲ ಹರಿದುಹೋಗುತ್ತದೆ ಎಂದೇ ಅವರು ತಿಳಿದಿದ್ದರು. ಪ್ಯಾಡ್ ಅಂಟಿಸುವುದನ್ನು ಹಳೆಯ ಚಡ್ಡಿಯ ಮೇಲೆ ಅವಳ ಕೈಯಿಂದಲೇ ಮಾಡಿಸಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು, ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕಬೇಕು ಎಂಬುದನ್ನೂ ಹೇಳಿಕೊಡಿ. ಶಾಲೆಯ ಚೀಲದಲ್ಲಿ ಎರಡು ಪ್ಯಾಡ್, ಒಂದು ಒಳಉಡುಪು ಇರಲಿ. ಸರ್ಕಾರಿ ಶಾಲೆಯಾದರೆ ಸರ್ಕಾರ ಉಚಿತವಾಗಿ ಕೊಡುವ ಶುಚಿ ಯೋಜನೆಯ ಪ್ಯಾಡ್ ಬಗ್ಗೆ ಶಿಕ್ಷಕಿಯರನ್ನು ವಿಚಾರಿಸಿ. ತಂದೆಗೂ ವಿಷಯ ಗೊತ್ತಿರಲಿ, ನೀವು ಊರಲ್ಲಿಲ್ಲದ ದಿನವೇ ಆಗಬಹುದು.

ಮೈಸೂರಿನಿಂದ, ಶುಶ್ರೂಷಕಿ:

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. 8 ತುಂಬುವ ಮೊದಲೇ ಎದೆ ಬೆಳೆಯತೊಡಗಿದರೆ, 13 ಆದರೂ ಬೆಳೆಯದಿದ್ದರೆ, 15 ತುಂಬಿದರೂ ಮುಟ್ಟಾಗದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಪರೀಕ್ಷೆ ಮಾಡಿಸಿ. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ ಇದೆ, ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್ ಇದೆ. ಮೊದಲ ಮುಟ್ಟಿನ ನಂತರ ಒಂದೆರಡು ವರ್ಷ ದಿನಗಳು ಏರುಪೇರಾಗುವುದು ಸಹಜ. ಆದರೆ ಗಂಟೆ ಎರಡು ಗಂಟೆಗೊಂದು ಪ್ಯಾಡ್ ತೋಯುತ್ತಿದ್ದರೆ, ಏಳು ದಿನ ಕಳೆದರೂ ನಿಲ್ಲದಿದ್ದರೆ ತಡಮಾಡಬೇಡಿ.

ಪಾಂಡವಪುರದಿಂದ, ಮೊಮ್ಮಗಳಿರುವ ಅಜ್ಜಿ:

ಅತ್ತೆಯವರನ್ನು ದೂರ ಇಡಬೇಡಿ, ಅವರಿಗೆ ಕೆಲಸ ಕೊಡಿ. ನಮ್ಮ ಮನೆಯಲ್ಲಿ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿದವಳು, ಕೊಬ್ಬರಿ ತುಪ್ಪ ತಿನ್ನಿಸಿದವಳು ನಾನೇ. ಆರತಿ, ಸೋದರಮಾವ ಹಾಕುವ ಸೊಪ್ಪಿನ ಗುಡ್ಲು ಇವೆಲ್ಲ ಬೇಕೇ ಎಂದು ಮಾತ್ರ ಮೊದಲೇ ಹುಡುಗಿಯನ್ನು ಕೇಳಿ. ನಮ್ಮವಳು ಆರತಿಗೆ ಒಪ್ಪಿದಳು, ಊರಿಗೆಲ್ಲ ಹೇಳಿ ಕರೆಯುವುದು ಬೇಡ ಎಂದಳು. ಮನೆಮಂದಿಯಷ್ಟೇ ಸೇರಿ ಆರತಿ ಮಾಡಿದೆವು. ಮೂಲೆಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆ ಕೊಟ್ಟು ಕೂರಿಸುವುದಕ್ಕೆ ನಾನೇ ಒಪ್ಪಲಿಲ್ಲ. ಸೋಮವಾರ ಎಂದಿನಂತೆ ಶಾಲೆಗೆ ಹೋದಳು.