ಧಾರೇಶ್ವರದ ಗದ್ದೆಯಲ್ಲಿ ಆರತಕ್ಷತೆ: ಶಾಮಿಯಾನವೋ, ತಗಡಿನ ಚಪ್ಪರವೋ?

ಧಾರೇಶ್ವರದ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮದುವೆ ಮೇ 9ಕ್ಕೆ, ಗಂಡಿನ ಕಡೆಯವರ ಊರಲ್ಲಿ. ಮರುದಿನ ಸಂಜೆ ಆರತಕ್ಷತೆ ನಮ್ಮ ಮನೆಯಲ್ಲೇ. ಹಾಲ್ ಬೇಡ ಅಂತ ತಂಗಿಯೇ ಹಠ ಹಿಡಿದಿದ್ದಾಳೆ. ಆಡಿ ಬೆಳೆದ ಜಾಗ, ಅಲ್ಲೇ ನೆಂಟರು ಬಂದು ಹರಸಲಿ ಅಂತ ಅವಳ ಆಸೆ. ನನಗೂ ಅದೇ ಇಷ್ಟ.

ಮನೆ ಹೆದ್ದಾರಿಯಿಂದ ಸಮುದ್ರದ ಕಡೆಗಿದೆ. ಅಂಗಳ ಸಣ್ಣದು. ಪಕ್ಕದಲ್ಲಿ ಕೊಯ್ಲಾದ ಗದ್ದೆ ಇದೆ, ಸುಮಾರು 40 ಅಡಿಗೆ 80 ಅಡಿ. 350 ಜನ ಬರಬಹುದು. ಮೂವರ ಹತ್ತಿರ ವಿಚಾರಿಸಿದೆವು. ಒಬ್ಬರು ಬಟ್ಟೆ ಶಾಮಿಯಾನ ಸಾಕು ಅಂದರು. ಇನ್ನೊಬ್ಬರು ತಗಡೇ ಆಗಬೇಕು ಅಂದರು. ಮತ್ತೊಬ್ಬರು ಜರ್ಮನ್ ಹ್ಯಾಂಗರ್ (ಅಲ್ಯೂಮಿನಿಯಂ ಚೌಕಟ್ಟಿನ ದೊಡ್ಡ ಟೆಂಟ್) ಅಂದರು, ಅದರ ಬಾಡಿಗೆ ಕೇಳಿ ಅಪ್ಪ ಮಾತೇ ಆಡಲಿಲ್ಲ. ತಂಗಿಗೆ ಬಿಳಿ ಬಟ್ಟೆಯ ಸೀಲಿಂಗ್ ಬೇಕು. ಆಯಿಗೆ ಬಾಳೆಕಂಬ, ಅಡಿಕೆ ಸಿಂಗಾರ (ಹೂಗೊನೆ) ಇಲ್ಲದಿದ್ದರೆ ಅದು ಚಪ್ಪರವೇ ಅಲ್ಲ. ಇಬ್ಬರ ಮನಸ್ಸೂ ನೋಯಬಾರದು. ಏನು ಮಾಡಲಿ?

ಶಿರಸಿ ತೋಟದವ

ಆಯಿ ಹೇಳುವುದು ಸರಿ ಇದೆ. ಆದರೆ ಇಡೀ ಗದ್ದೆಗೆ ಸೋಗೆ (ಅಡಿಕೆ ಗರಿ) ಚಪ್ಪರ ಹಾಕಲು ಹೋಗಬೇಡಿ. ಕಟ್ಟಲು ಬರುವವರು ಈಗ ಸಿಗುವುದು ಕಷ್ಟ, ಜೋರು ಮಳೆಗೆ ಸೋರುತ್ತದೆ. ಗೇಟಿನಿಂದ ಗದ್ದೆವರೆಗಿನ ದಾರಿಗೆ ಮಾತ್ರ ಅಡಿಕೆ ಮರದ ಕಂಬ ನೆಟ್ಟು, ಅದೇ ಮರ ಸೀಳಿದ ದಬ್ಬೆ ಕಟ್ಟಿ, ಹಸಿ ಸೋಗೆ ಹೊದಿಸಿ. ಆ ತಂಪು, ಆ ವಾಸನೆ ಯಾವ ಬಾಡಿಗೆ ಬಟ್ಟೆಗೂ ಬರುವುದಿಲ್ಲ. ಒಣ ಸೋಗೆ ಬೇಗ ಬೆಂಕಿ ಹಿಡಿಯುತ್ತದೆ, ಹತ್ತಿರ ದೀಪ, ಪಟಾಕಿ ಬೇಡ.

ಹೊನ್ನಾವರ ಪೆಂಡಾಲ್

ತಂಗೀ, ನಾನು 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಿಮ್ಮದು ಸಮುದ್ರದ ಪಕ್ಕದ ಗದ್ದೆ. ಬಟ್ಟೆಯ ಬಣ್ಣ ಆಮೇಲೆ ನೋಡೋಣ, ಮೊದಲು ಗಾಳಿ ಮತ್ತು ನೀರು.

ಮೇ 10 ಅಂದರೆ ಮಳೆಗಾಲಕ್ಕೆ ಇನ್ನೂ ಸಮಯ ಇದೆ ಅನಿಸುತ್ತದೆ. ಆದರೆ ಸಂಜೆಯ ಗುಡುಗು ಮಳೆ ಯಾರನ್ನೂ ಕೇಳಿ ಬರುವುದಿಲ್ಲ. 2021ರಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಗೆ ಬಡಿದದ್ದು ಮೇ ಮಧ್ಯದಲ್ಲೇ. ನಿಮಗೆ 30 ಅಡಿಗೆ 60 ಅಡಿ ಚಪ್ಪರ ಬೇಕು ಅಂದುಕೊಳ್ಳಿ. ಅದರ ಮೇಲೆ ಬರೀ 10 ಮಿಲಿಮೀಟರ್ ಮಳೆ ಬಿದ್ದರೂ 1,600 ಲೀಟರಿಗಿಂತ ಜಾಸ್ತಿ ನೀರು. ಇಳಿಜಾರು ಇಲ್ಲದ ಬಟ್ಟೆ ಶಾಮಿಯಾನ ಜೋತು ಬಿದ್ದು ಆ ನೀರನ್ನು ಹಿಡಿದುಕೊಂಡರೆ, ಕೆಳಗೆ ಕೂತವರ ತಲೆಯ ಮೇಲೆ ಒಂದೂವರೆ ಟನ್ ಭಾರ. ಹಾಗಾಗಿ ನನ್ನ ಮಾತು ತಗಡಿಗೆ. ಮಧ್ಯದಲ್ಲಿ ಎತ್ತರ, ಎರಡೂ ಕಡೆ ಇಳಿಜಾರು. ನೀರು ಬೀಳುವಲ್ಲಿ ಒಂದು ಗುದ್ದಲಿ ಆಳದ ಕಾಲುವೆ ತೆಗೆಸಿ. ಇಲ್ಲವಾದರೆ ಗದ್ದೆ ಕೆಸರಾಗಿ ಸೀರೆ ಉಟ್ಟವರಿಗೂ ಅಜ್ಜ ಅಜ್ಜಿಯರಿಗೂ ನಡೆಯಲು ಆಗುವುದಿಲ್ಲ. ಜೋರು ಮಳೆ ಬಂದರೆ ತಗಡಿನ ಸದ್ದಿಗೆ ಮೈಕ್ ಕೇಳಿಸುವುದಿಲ್ಲ. ಅದೊಂದು ಕಷ್ಟ ಇದ್ದೇ ಇದೆ.

ಇನ್ನು ವೇದಿಕೆ. ಅದನ್ನು ಗದ್ದೆಯ ಉತ್ತರ ಅಥವಾ ದಕ್ಷಿಣ ತುದಿಗೆ ಇಡಿ. ಮಧ್ಯಾಹ್ನದ ಮೇಲೆ ಸಮುದ್ರದಿಂದ ಗಾಳಿ ಬರುತ್ತದೆ. ವೇದಿಕೆ ಹಿಂದಿನ ಪರದೆ ಸಮುದ್ರಕ್ಕೆ ಎದುರಾಗಿ ನಿಂತರೆ ಅದು ದೋಣಿಯ ಹಾಯಿ ಇದ್ದಂತೆ. ನಾನೇ ಕಟ್ಟಿದ ಒಂದು ಪರದೆ ಹಾಗೆ ಚೌಕಟ್ಟಿನ ಸಮೇತ ಮುಂದಕ್ಕೆ ಬಿದ್ದಿದೆ. ಸಂಜೆ 5 ಗಂಟೆ, ಜನ ಇನ್ನೂ ಬಂದಿರಲಿಲ್ಲ. ಮದುಮಕ್ಕಳ ಕುರ್ಚಿ ಮುರಿಯಿತು. ಅರ್ಧ ಗಂಟೆ ತಡವಾಗಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ಎದೆ ನಡುಗುತ್ತದೆ. ಪರದೆ ಉತ್ತರಕ್ಕೋ ದಕ್ಷಿಣಕ್ಕೋ ಇದ್ದರೆ ಗಾಳಿ ಅದರ ಪಕ್ಕದಲ್ಲೇ ಹಾದು ಹೋಗುತ್ತದೆ. ಮುಳುಗುವ ಸೂರ್ಯನೂ ಯಾರ ಕಣ್ಣಿಗೂ ನೇರ ಹೊಡೆಯುವುದಿಲ್ಲ. ಸಮುದ್ರದ ಕಡೆ ತೆರೆದಿಟ್ಟು ಮನೆ ಕಡೆ ಪೂರ್ತಿ ಮುಚ್ಚಬೇಡಿ. ಒಳಗೆ ನುಗ್ಗಿದ ಗಾಳಿಗೆ ಹೊರಗೆ ಹೋಗಲು ದಾರಿ ಬೇಕು, ಇಲ್ಲವಾದರೆ ಅದು ಚಾವಣಿಯನ್ನೇ ಎತ್ತುತ್ತದೆ.

ಗದ್ದೆ ಮೇಲೆ ಕರೆಂಟ್ ತಂತಿ ಹಾದು ಹೋಗಿದೆಯಾ ನೋಡಿ. ಅದರ ಕೆಳಗೆ ಚಪ್ಪರ ಬೇಡವೇ ಬೇಡ. ಚಪ್ಪರಗಳ ಬೆಂಕಿ ಸುರಕ್ಷತೆಗೆ ಐಎಸ್ 8758 ಅಂತ ಭಾರತೀಯ ಮಾನದಂಡವೇ ಇದೆ. ಎತ್ತರ 3 ಮೀಟರಿಗಿಂತ ಕಡಿಮೆ ಇರಬಾರದು ಅನ್ನುತ್ತದೆ ಅದು. ಅಡುಗೆ ಒಲೆ ಬೇರೆ ಕಡೆ ಇರಲಿ.

ತಂಗಿಯ ಬಿಳಿ ಸೀಲಿಂಗಿಗೆ ತಗಡು ಏನೂ ಅಡ್ಡಿ ಇಲ್ಲ. ತಗಡಿನಿಂದ ಎರಡು ಅಡಿ ಕೆಳಗೆ ಬಟ್ಟೆ ಕಟ್ಟಿದರೆ ಕಾವೂ ಕಡಿಮೆ. ಅಪ್ಪಟ ಬಿಳಿಗಿಂತ ಕೆನೆ ಬಣ್ಣ ಚಂದ. ಕೆಂಪು, ಹಸಿರು ಬಟ್ಟೆಯಾದರೆ ಆ ಬಣ್ಣ ಮುಖದ ಮೇಲೆ ಬಿದ್ದು ಫೋಟೋ ಹಾಳಾಗುತ್ತದೆ. ಲೈಟು ಹಳದಿ ಇರಲಿ. ಗದ್ದೆಯ ಹುಳ ಬಿಳಿ ಲೈಟಿಗೆ ಜಾಸ್ತಿ ಮುತ್ತುತ್ತವೆ.

ಧಾರೇಶ್ವರದ ಅಕ್ಕ

ಅಣ್ಣಾ, ತುಂಬಾ ಉಪಕಾರವಾಯಿತು. ಈಗಷ್ಟೇ ಹೋಗಿ ನೋಡಿದೆ. ಗದ್ದೆಯ ಮೂಡಣ ಮೂಲೆಯಲ್ಲಿ ತಂತಿ ಇದೆ! ಯಾರೂ ಅದನ್ನು ಹೇಳಿರಲಿಲ್ಲ. 350 ಜನಕ್ಕೆ 30ಕ್ಕೆ 60 ಸಾಕಾಗುತ್ತದಾ?

ಹೊನ್ನಾವರ ಪೆಂಡಾಲ್

ಸಾಕು. ಆರತಕ್ಷತೆಗೆ ಎಲ್ಲರೂ ಒಟ್ಟಿಗೆ ಬರುವುದಿಲ್ಲ ಅಲ್ವಾ. ಒಂದು ಕುರ್ಚಿಗೆ ಓಡಾಟವೂ ಸೇರಿ 10 ಚದರ ಅಡಿ ಹಿಡಿಯಿರಿ. 140 ಕುರ್ಚಿ ಹಾಕಿದರೂ ವೇದಿಕೆಗೆ, ಸಾಲಿನಲ್ಲಿ ನಿಲ್ಲುವವರಿಗೆ ಜಾಗ ಉಳಿಯುತ್ತದೆ. ಊಟ ಅಂಗಳದಲ್ಲಿ ಇಟ್ಟುಕೊಳ್ಳಿ. ಚಪ್ಪರವನ್ನು ತಂತಿಯಿಂದ ದೂರ, ಪಡುವಣಕ್ಕೆ ಸರಿಸಿ.

ಭಟ್ಕಳ ಮಲ್ಲಿಗೆ

ಅಲಂಕಾರಕ್ಕೆ ಒಂದು ಮಾತು. ವೇದಿಕೆ ತುಂಬ ಮಲ್ಲಿಗೆ ಇಳಿಬಿಡಬೇಡಿ. ಮೇ ತಿಂಗಳ ಸೆಕೆಗೆ ಬೇಗ ಬಾಡುತ್ತದೆ, ಮದುವೆ ಕಾಲದಲ್ಲಿ ದರವೂ ಜಾಸ್ತಿ. ಉದ್ದ ಮಾಲೆಗಳಿಗೆ ಚೆಂಡು ಹೂ ಗಟ್ಟಿ. ಮಲ್ಲಿಗೆ ಮದುಮಗಳ ಮುಡಿಗೆ ಇರಲಿ, ವೇದಿಕೆಯ ಎರಡು ಕಂಬಕ್ಕೆ ಸಂಜೆ 4ರ ಮೇಲೆ ಕಟ್ಟಿ. ಆಯಿಯ ಸಿಂಗಾರವನ್ನು ಅಡಿಕೆ ಹಾಳೆಯಿಂದ ಬಿಡಿಸುವುದೂ ಆಗಲೇ, ಮೊದಲೇ ಬಿಡಿಸಿದರೆ ಉದುರುತ್ತದೆ. ಇನ್ನೊಂದು, ನಿಮ್ಮ ಕಡೆ ಯಾರ ಮನೆಯಲ್ಲಾದರೂ ಒಣಗಿಸಿಟ್ಟ ಸುರಗಿ ಹೂವಿನ ಸರ ಇದೆಯಾ ಕೇಳಿ. ಒಣಗಿದರೂ ಅದರ ಪರಿಮಳ ಹೋಗುವುದಿಲ್ಲ. ಸೋಗೆ ಚಪ್ಪರದ ಬಾಗಿಲಿಗೆ ನಾಲ್ಕು ಸರ ಸಾಕು.

ಧಾರೇಶ್ವರದ ಅಕ್ಕ

ಅಪ್ಪ ತಗಡಿಗೆ ಒಪ್ಪಿದರು. ದಾರಿಗೆ ಸೋಗೆ, ಒಳಗೆ ಕೆನೆ ಬಟ್ಟೆ. ವೇದಿಕೆಯ ಕಂಬ ಮಾತ್ರ ಆಯಿಯ ಲೆಕ್ಕಕ್ಕೆ, ಬಾಳೆ ಮತ್ತು ಸಿಂಗಾರ. ತಂಗಿ ಒಂದೇ ಮಾತಿಗೆ ಹ್ಞೂಂ ಅಂದಳು. ಸುರಗಿ ಸರ ಅಂಕೋಲೆಯ ದೊಡ್ಡಾಯಿಯ ಪೆಟ್ಟಿಗೆಯಲ್ಲಿ ಇರುತ್ತದೆ. ಚಿಕ್ಕವರಿದ್ದಾಗ ಆ ಪೆಟ್ಟಿಗೆ ತೆಗೆದರೆ ಕೋಣೆಯೆಲ್ಲ ಘಮ್ಮೆನ್ನುತ್ತಿತ್ತು. ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ.