ಹಾರ್ಡ್ ಕ್ರೋಮ್ ಟ್ಯಾಂಕು: ಸ್ಕ್ರಬ್ಬರ್ ಓಡ್ತಿದ್ರೂ ಶೆಡ್ ತುಂಬ ಹಳದಿ ಮಂಜು

ಪೀಣ್ಯ_ಪ್ಲೇಟರ್:
ನಮ್ಮದು ಆರು ಜನರ ಸಣ್ಣ ಶೆಡ್ಡು. ಒಂದೇ ಹಾರ್ಡ್ ಕ್ರೋಮ್ ಟ್ಯಾಂಕು (ಕರೆಂಟು ಹಾಯಿಸಿ ಲೋಹದ ಭಾಗಕ್ಕೆ ಗಟ್ಟಿ ಕ್ರೋಮ್ ಲೇಪ ಕೊಡೋದು), ಎರಡಡಿ ಅಗಲ, 55 ಡಿಗ್ರಿಯಲ್ಲಿ ಓಡಿಸ್ತೀವಿ. ಹದಿನೈದು ದಿನದಿಂದ ಮಂಜು ಟ್ಯಾಂಕಿನ ಮೇಲೇ ನಿಲ್ಲುತ್ತಿದೆ, ಹುಡುಗರಿಗೆ ಮೂಗುರಿ. ತಪಾಸಣೆಗೆ ಬಂದವರು ಗೋಡೆಯ ಹಳದಿ ಕಲೆ ನೋಡಿ ನೋಟಿಸ್ ಕೊಟ್ಟು ಹೋದರು. ಮಂಜನ್ನು ಎಳೆದು ನೀರಲ್ಲಿ ತೊಳೆಯೋ ಸ್ಕ್ರಬ್ಬರಿನ ಬ್ಲೋವರೂ ಓಡ್ತಿದೆ, ಪಂಪೂ ಓಡ್ತಿದೆ. ಮಾರುವವರು ಮಾತ್ರ ಹೊಸ ಸ್ಕ್ರಬ್ಬರೇ ಹಾಕಿ ಅಂತಾರೆ. ಹಾಕಿಸಲೇಬೇಕಾ?

ಹಳೇ_ಫಿಟ್ಟರ್:
ತಡೀರಿ ಸಾರ್, ಅಡ್ವಾನ್ಸ್ ಕೊಡಬೇಡಿ. ಕ್ರೋಮ್ ಬಾತಿನಲ್ಲಿ ನೂರಕ್ಕೆ 10–20 ಪಾಲು ಕರೆಂಟು ಮಾತ್ರ ಲೋಹ ಕೂರಿಸುತ್ತೆ. ಮಿಕ್ಕಿದ್ದೆಲ್ಲ ಹೈಡ್ರೋಜನ್, ಆಕ್ಸಿಜನ್ ಗುಳ್ಳೆ. ಅದು ಒಡೆದಾಗ ಹಾರೋ ಕ್ರೋಮಿಕ್ ಆಸಿಡ್ ಹನಿಯೇ ನಿಮ್ಮ ಹಳದಿ ಮಂಜು. ಹೊಸ ಸ್ಕ್ರಬ್ಬರ್ ತಂದ್ರೂ ಅಲ್ಲಿವರೆಗೆ ಮಂಜು ಹೋಗಬೇಕಲ್ಲ!

ರೆಕ್ಟಿಫೈಯರ್ (ಟ್ಯಾಂಕಿಗೆ ಡಿಸಿ ಕರೆಂಟು ಕೊಡೋದು) ಆಫ್ ಮಾಡಿ, ಗುಳ್ಳೆ ಪೂರ್ತಿ ನಿಂತು ಸ್ವಲ್ಪ ಹೊತ್ತಾದ ಮೇಲೆ (ಹೈಡ್ರೋಜನ್, ಹುಷಾರು) ಮಂಜು ಎಳೆಯೋ ಹುಡ್ಡಿನ ಸೀಳಿನ ಹತ್ತಿರ ಊದುಬತ್ತಿ ಹಿಡಿದು ನೋಡಿ. ಅಂದಹಾಗೆ, ಈಚೆಗೆ ಮೋಟರ್ ಬಿಚ್ಚಿದ್ರಾ?

ಪೀಣ್ಯ_ಪ್ಲೇಟರ್:
ಹೊಗೆ ನೆಟ್ಟಗೆ ಮೇಲಕ್ಕೆ ಹೋಯ್ತು. ಸೀಳಿಗೆ ತೀರಾ ಹತ್ತಿರ ಹಿಡಿದರೆ ಮಾತ್ರ ಒಂಚೂರು ವಾಲುತ್ತೆ. ಮೋಟರ್ ಹೋದ ತಿಂಗಳು ಸುಟ್ಟಿತ್ತು, ರಿವೈಂಡಿಂಗ್ ಮಾಡಿಸಿದೆ.

ಹಳೇ_ಫಿಟ್ಟರ್:
ಹಾಗಾದ್ರೆ ಫ್ಯಾನು ಉಲ್ಟಾ ತಿರುಗ್ತಿರಬೇಕು. ಸೆಂಟ್ರಿಫ್ಯೂಗಲ್ ಬ್ಲೋವರ್ ಉಲ್ಟಾ ತಿರುಗಿದ್ರೂ ಗಾಳಿ ಸರಿಯಾದ ದಿಕ್ಕಿಗೇ ಹೋಗುತ್ತೆ, ಆದರೆ ತುಂಬಾ ಕಮ್ಮಿ. ಅದಕ್ಕೇ ಎಲ್ಲರೂ ಮೋಸ ಹೋಗೋದು. ಕೇಸಿಂಗ್ ಮೇಲಿನ ಬಾಣ ನೋಡಿ. ಎಲೆಕ್ಟ್ರಿಷಿಯನ್ ಕೈಲಿ ಯಾವುದಾದರೂ ಎರಡು ಫೇಸ್ ಅದಲು ಬದಲು ಮಾಡಿಸಿ.

ಲ್ಯಾಬ್_ಕೆಲಸ:
ಸರಿಹೋದ ಮೇಲೆ ಸುಮ್ಮನಿರಬೇಡಿ. ಕನ್ಸೆಂಟು (ಮಾಲಿನ್ಯ ಮಂಡಳಿಯ ಅನುಮತಿ) 1981ರ ವಾಯು ಕಾಯ್ದೆಯ 21ನೇ ಸೆಕ್ಷನ್ ಕೆಳಗಿನದು, ಷರತ್ತು ಮೀರಿದ್ರೆ ಅದಕ್ಕೇ ಕುತ್ತು. ಮಾನ್ಯತೆ ಇರೋ ಲ್ಯಾಬಿನಿಂದ ಚಿಮಣಿ ಸ್ಯಾಂಪಲ್ ತೆಗೆಸಿ, ರಿಪೋರ್ಟ್ ಜೊತೆ ನೋಟಿಸಿಗೆ ಗಡುವಿನೊಳಗೆ ಉತ್ತರ ಕೊಡಿ. ಗೋಡೆ ತೊಳೆದ ನೀರು ಚರಂಡಿಗೆ ಬಿಟ್ಟೀರಿ ಮತ್ತೆ! ಅದರಲ್ಲಿರೋದೂ ವಿಷಕಾರಿ ಹೆಕ್ಸಾವೆಲೆಂಟ್ ಕ್ರೋಮಿಯಮ್ಮೇ, ಇಟಿಪಿಗೆ (ಕೊಳಕು ನೀರು ಶುದ್ಧ ಮಾಡೋ ಘಟಕ) ಹಾಕಿ. ಸ್ಕ್ರಬ್ಬರ್ ನೀರು ಹಳದಿಯಾಗಿದ್ರೆ ಬದಲಾಯಿಸಿ. ಬೇರೆ ಕೊಳೆ ಸೇರಿಲ್ಲದಿದ್ರೆ ಟ್ಯಾಂಕಿನಲ್ಲಿ ಆವಿಯಾದಷ್ಟು ಅದನ್ನೇ ತುಂಬಬಹುದು.

ಪೀಣ್ಯ_ಪ್ಲೇಟರ್:
ಉಲ್ಟಾನೇ ಇತ್ತು ಸಾರ್. ಫೇಸ್ ಬದಲಾಯಿಸಿದ ತಕ್ಷಣ ಸದ್ದೇ ಬೇರೆ. ಊದುಬತ್ತಿ ಹೊಗೆ ಈಗ ಅಡ್ಡಡ್ಡ ಸೀಳಿನೊಳಗೆ ಹೋಗ್ತಿದೆ. ಸ್ಯಾಂಪಲ್‌ಗೆ ಲ್ಯಾಬಿನವರು ಸೋಮವಾರ ಬರ್ತಾರೆ. ಬಾಣದ ಗುರುತು ಇದ್ದೇ ಇತ್ತು, ಅದರ ಮೇಲೆ ಉಗುರಲ್ಲಿ ಕೆರೆಯೋವಷ್ಟು ಹಳದಿ ಕೂತಿತ್ತು.