ಅಪ್‌ಡೇಟ್: ತಂಗಿಯ ಕಾಲೇಜಿನ ದೂರು ಎಲ್ಲಿಗೆ ಬಂತು

ಹಿಂದೆ ಇಲ್ಲಿ ನಿಮ್ಮನ್ನು ಕೇಳಿದ್ದೆ: ರಾಯಚೂರಿನಲ್ಲಿ ಓದುವ ನನ್ನ ತಂಗಿ ಹಾಸ್ಟೆಲ್ ನೀರಿನ ಬಗ್ಗೆ ಗೋಡೆ ಪತ್ರಿಕೆಯಲ್ಲಿ ಬರೆದಳು, ಕಾಲೇಜಿನವರು ಕಿತ್ತು ಹಾಕಿದರು. ಆಮೇಲೆ ಕೆಲವು ಹುಡುಗರು ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಅವಳ ಮೈ ಬಗ್ಗೆ ಹೊಲಸಾಗಿ ಬರೆದರು. ಅದಕ್ಕೆ ಮಾತ್ರ ಕಾಲೇಜಿನವರು ‘ಅವರಿಗೂ ಮಾತಾಡುವ ಸ್ವಾತಂತ್ರ್ಯ ಇದೆ’ ಅಂದರು.

ನೀವು ಹೇಳಿದಂತೆ, ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಕಾಲೇಜಿನ ಆಂತರಿಕ ದೂರು ಸಮಿತಿಗೆ ಸ್ಕ್ರೀನ್‌ಶಾಟ್ ಸಮೇತ ದೂರು ಕೊಟ್ಟೆವು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮದ ಪ್ರಕಾರ ಘಟನೆಯಾದ 3 ತಿಂಗಳೊಳಗೆ ದೂರು ಕೊಡಬೇಕು, 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ಸಮಿತಿಯಲ್ಲಿ ಒಬ್ಬ ವಿಭಾಗದ ಮುಖ್ಯಸ್ಥರಿದ್ದರು. ಅಂಥ ಹುದ್ದೆಯವರು ಇರಬಾರದು ಅಂತ ಅದೇ ನಿಯಮ ಹೇಳುತ್ತದೆ. ತೋರಿಸಿದೆವು, ಅವರನ್ನು ಬದಲಿಸಿದರು. ವಿದ್ಯಾರ್ಥಿಗಳ ವಿಷಯವಾದ್ದರಿಂದ ಚುನಾಯಿತರಾದ 3 ವಿದ್ಯಾರ್ಥಿಗಳೂ ಇರಬೇಕು. ಅದು ಇನ್ನೂ ಆಗಿಲ್ಲ, ಬಿಡದೆ ಕೇಳುತ್ತಿದ್ದೇವೆ.

ಒಬ್ಬ ಹುಡುಗ ‘ನಿನ್ನ ಲೇಖನ ಸುಳ್ಳು, ಸುಮ್ನೆ ಹೆಸರು ಮಾಡೋಕೆ ಬರೆದಿದ್ದೀಯ’ ಅಂತ ಹಾಕಿದ್ದ. ಅವನ ಹೆಸರೂ ಸೇರಿಸೋಣ ಅಂದೆ. ತಂಗಿ ಒಪ್ಪಲಿಲ್ಲ. ‘ಅಕ್ಕ, ಅವನು ಬೈದಿದ್ದು ನನ್ನ ಬರಹವನ್ನ. ಉತ್ತರ ನಾನೇ ಬರೀತೀನಿ’ ಅಂದಳು. ಅವಳು ಹೇಳಿದ್ದೇ ಸರಿ. ಮಾತಾಡುವ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿ ಅವನ ಆ ಮಾತನ್ನೂ ಕಾಯುತ್ತದೆ, ತಂಗಿಯ ಲೇಖನವನ್ನೂ ಕಾಯುತ್ತದೆ. ಹೆಣ್ಣುಮಗಳ ಮೈ ಬಗ್ಗೆ ಹೊಲಸು ಬರೆಯುವುದು ಬೇರೆಯೇ ವಿಷಯ, ಅಲ್ವಾ?

ಲೇಖನ ಕಿತ್ತಿದ್ದಕ್ಕೆ ಲಿಖಿತ ಕಾರಣ ಕೊಡಿ ಅಂತ ಪ್ರಾಂಶುಪಾಲರಿಗೆ ಅರ್ಜಿ ಹಾಕಿದ್ದೇವೆ. ಮುಂದಿನ ವಾರ ಸಮಿತಿ ಅವಳ ಹೇಳಿಕೆ ಪಡೆಯುತ್ತದೆ. ಅವ್ವ ಜೊತೆಗೆ ಹೋಗುತ್ತಾಳೆ.